ರಹದಾರಿಯೂ ಹತ್ತನೆಯ ತರಗತಿಯೂ

2024ರ ಜೂನ್ ತಿಂಗಳಲ್ಲಿ ದಿಲ್ಲಿಯ ವಿಮಾನ ನಿಲ್ದಾಣದಲ್ಲಿಯೂ, 2025ರ ಜನವರಿಯಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದು, ಬೆಂಗಳೂರು ಮೊದಲಾದ ಏಳು ನಿಲ್ದಾಣಗಳಲ್ಲಿಯೂ ಸ್ವಯಂಚಾಲಿತ ವಲಸೆ ದ್ವಾರಗಳು ತೆರೆದುವು. ಮುಂಚಿತವಾಗಿ ಹೆಸರು ನೋಂದಾಯಿಸಿ, ಬೆರಳಚ್ಚನ್ನೂ ಮುಖದ ಚಿತ್ರವನ್ನೂ ಒಪ್ಪಿಸಿದ ಪ್ರಯಾಣಿಕನು ಪಾಸ್‌ಪೋರ್ಟನ್ನು ಯಂತ್ರಕ್ಕೆ ತೋರಿಸಿ ಮುಂದೆ ನಡೆಯಬಹುದು. ಇದು ಸ್ವಾಗತಾರ್ಹವಾದ ಸೌಕರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ನಿಲ್ದಾಣದಿಂದ ದುಬೈಗೋ ಕತಾರಿಗೋ ಹೊಟೇಲು ಕೆಲಸಕ್ಕೆಂದು ಹೊರಟ ನಮ್ಮ ತರುಣರಲ್ಲಿ ಅನೇಕರ ಪಾಸ್‌ಪೋರ್ಟಿನ ಮೇಲೆ ‘ಇ.ಸಿ.ಆರ್.’ ಎಂಬ ಮೂರು ಅಕ್ಷರಗಳಿರುತ್ತವೆ. ಅವರ ಪಾಲಿಗೆ ವಲಸೆ ಅಧಿಕಾರಿಯ ಮೇಜು ಇಂದಿಗೂ ಒಂದು ಪರೀಕ್ಷೆಯೇ ಸರಿ.

ಈ ಅಕ್ಷರಗಳ ಅರ್ಥ ‘ವಲಸೆ ಪರಿಶೀಲನೆ ಅವಶ್ಯ’ ಎಂದು. ಹತ್ತನೆಯ ತರಗತಿ ತೇರ್ಗಡೆಯಾಗದವರಿಗೆ ಸಾಮಾನ್ಯವಾಗಿ ಇಂಥ ಪಾಸ್‌ಪೋರ್ಟು ದೊರೆಯುತ್ತದೆ. 1983ರ ವಲಸೆ ಕಾಯದೆಯ ಮೇರೆಗೆ, ಸರಕಾರವು ಹೆಸರಿಸಿದ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೋಗುವ ಇವರು ವಲಸಿಗರ ರಕ್ಷಣಾಧಿಕಾರಿಯ ಅನುಮತಿಯನ್ನು ಮೊದಲೇ ಪಡೆದಿರತಕ್ಕದ್ದು. ಸೌದಿ ಅರೇಬಿಯಾ, ಕುವೈತ್, ಒಮಾನ್, ಬಹರೈನ್, ಮಲೇಶಿಯಾಗಳೂ ಈ ಪಟ್ಟಿಯಲ್ಲಿವೆ. ಆದಾಯ ತೆರಿಗೆ ಸಲ್ಲಿಸುವವರಿಗೂ ಐವತ್ತು ವರ್ಷ ಮೀರಿದವರಿಗೂ ವಿನಾಯಿತಿಯುಂಟು.

ಕಾಯದೆಯ ಉದ್ದೇಶವನ್ನು ಯಾರೂ ಹಳಿಯಲಾರರು. ಓದುಬರಹ ಕಡಿಮೆಯಾದವರಿಗೆ ಇಲ್ಲಿ ಒಂದು ಸಂಬಳ ಹೇಳಿ ಅಲ್ಲಿ ಇನ್ನೊಂದನ್ನು ಕೊಡುವ, ಪಾಸ್‌ಪೋರ್ಟನ್ನು ಕಸಿದುಕೊಳ್ಳುವ ಮಾಲಿಕರು ಇದ್ದಾರೆ. ಅವರಿಗೆ ಆಳುಗಳನ್ನು ಒದಗಿಸುವ ದಲ್ಲಾಳಿಗಳೂ ಇದ್ದಾರೆ. ಅನುಮತಿ ಪಡೆದು ಹೋದವನಿಗೆ ಲಿಖಿತ ಕರಾರಿನ ಬಲವಿದೆ. ಅಪಘಾತದಲ್ಲಿ ಮಡಿದರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿಗಳ ವಿಮೆಯಿದೆ. ಎರಡು ವರ್ಷಕ್ಕೆ ಆ ವಿಮೆಯ ಕಂತು 275 ರೂಪಾಯಿ ಮಾತ್ರ. ನೋಂದಾಯಿತ ಏಜೆಂಟನು ತೆರಿಗೆಯ ಹೊರತು 30,000 ರೂಪಾಯಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ.

ಆದರೆ ರಕ್ಷಣೆಯ ಹೆಸರಿನಲ್ಲಿ ಪ್ರಜೆಗಳಲ್ಲಿ ಮೇಲು ಕೀಳೆಂಬ ಭೇದ ಹುಟ್ಟಬಾರದು. ವಿದೇಶಕ್ಕೆ ಹೋಗುವ ಸ್ವಾತಂತ್ರ್ಯವು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿದೆಯೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತಿತು; ಅದೇ ವರ್ಷ ಪಾಸ್‌ಪೋರ್ಟು ಕಾಯದೆ ಬಂದಿತು. 1978ರಲ್ಲಿ ಮನೇಕಾ ಗಾಂಧಿಯವರ ಪ್ರಕರಣದಲ್ಲಿ, ಈ ಹಕ್ಕನ್ನು ಮೊಟಕುಗೊಳಿಸುವ ಕ್ರಮವು ನ್ಯಾಯಯುತವಾಗಿರಬೇಕೆಂದು ನ್ಯಾಯಾಲಯವು ಒತ್ತಿ ಹೇಳಿತು. ಹೀಗಿದ್ದರೂ 2018ರ ಜನವರಿಯಲ್ಲಿ ಇ.ಸಿ.ಆರ್. ಪಾಸ್‌ಪೋರ್ಟುಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುವ ಯೋಜನೆಯನ್ನು ಸರಕಾರವು ಪ್ರಕಟಿಸಿತು. ಶಾಲೆ ಬಿಟ್ಟವನೆಂಬುದನ್ನು ದೂರದಿಂದಲೇ ಸಾರುವ ಈ ಗುರುತಿಗೆ ವಿರೋಧವೆದ್ದಾಗ ಅದೇ ತಿಂಗಳಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಬಣ್ಣ ಹೋಯಿತು; ಭೇದ ಹೋಗಲಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಬೇರೊಂದಿದೆ. ಅನುಮತಿಯ ತೊಡಕಿಗೆ ಅಂಜಿದವನನ್ನು ದಲ್ಲಾಳಿಯು ‘ವಿಸಿಟ್ ವೀಸಾ’ದಲ್ಲಿ ಸಾಗಿಸುತ್ತಾನೆ, ಅಧಿಕಾರಿ ಕೇಳಿದರೆ ಸಂಬಂಧಿಕರನ್ನು ನೋಡಹೋಗುತ್ತಿರುವೆನೆಂದು ಹೇಳಲು ಕಲಿಸುತ್ತಾನೆ. ಅಧಿಕಾರಿಗೆ ಸಂಶಯ ಬಂದರೆ ಟಿಕೇಟಿನ ಹಣವೂ ಸಾಲದ ಬಡ್ಡಿಯೂ ಆ ಬಡವನ ತಲೆಯ ಮೇಲೆ ಬೀಳುತ್ತವೆ. ಸಂಶಯ ಬಾರದಿದ್ದರೆ ಇನ್ನೂ ಕೇಡು: ಕರಾರಿಲ್ಲ, ಆ ವಿಮೆಯಿಲ್ಲ, ಅಲ್ಲಿಯ ಕಾನೂನಿನ ಕಣ್ಣಿನಲ್ಲಿ ಅವನೇ ಅಪರಾಧಿ. ಮೇಜಿನ ಮುಂದೆ ಸಿಕ್ಕಿಬೀಳುವವನು ಮೋಸಹೋದವನೇ ಹೊರತು ಮೋಸಮಾಡಿದವನಲ್ಲ. ಆತನು ಊರಿನಲ್ಲಿ ಹಣ ಎಣಿಸುತ್ತಿರುತ್ತಾನೆ.

ಆದುದರಿಂದ ಪರಿಶೀಲನೆಯ ಭಾರವನ್ನು ವಿಮಾನ ನಿಲ್ದಾಣದಿಂದ ದಲ್ಲಾಳಿಯ ಬಾಗಿಲಿಗೆ ಸರಿಸಬೇಕು. 1983ರ ಕಾಯದೆಗೆ ಬದಲಾಗಿ ಹೊಸದನ್ನು ತರಲು ಕೇಂದ್ರ ಸರಕಾರವು 2021ರಲ್ಲಿ ಒಂದು ಕರಡನ್ನೂ 2025ರಲ್ಲಿ ಇನ್ನೊಂದನ್ನೂ ಹೊರಡಿಸಿತು. ಕಾಯದೆ ಯಾವ ಹೆಸರಿನದಾದರೂ ಆಗಲಿ, ಅನುಮತಿಯ ಅರ್ಜಿಯನ್ನು ಕಾರ್ಮಿಕನ ಭಾಷೆಯಲ್ಲಿ ತುಂಬುವ ಸೌಕರ್ಯವೂ, ಕಳ್ಳ ಏಜೆಂಟರಿಗೆ ಶೀಘ್ರ ಶಿಕ್ಷೆಯೂ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ನಮ್ಮವರು ಮಾಡಬೇಕಾದುದೂ ಇದೆ. ಹತ್ತನೆಯ ತರಗತಿ ತೇರ್ಗಡೆಯಾಗಿದ್ದೂ ಇ.ಸಿ.ಆರ್. ಪಾಸ್‌ಪೋರ್ಟು ಇಟ್ಟುಕೊಂಡವರು ಅಂಕಪಟ್ಟಿ ಸಲ್ಲಿಸಿ ಹೊಸತನ್ನು ಪಡೆಯಲಿ. ಇತರರು ಏಜೆಂಟನ ನೋಂದಣಿಯನ್ನು ವಿಚಾರಿಸದೆ ಒಂದು ಕಾಸನ್ನೂ ಕೊಡದಿರಲಿ. ರಕ್ಷಣಾಧಿಕಾರಿಯ ಕಚೇರಿಗಳು ಮುಂಬಯಿ, ದಿಲ್ಲಿ, ಚೆನ್ನೈ, ಹೈದರಾಬಾದುಗಳಲ್ಲಿವೆ. ಇನ್ನು ಹೊಟೇಲು ಮಾಲಿಕರಲ್ಲಿ ಒಂದು ಮಾತು: ಓದನ್ನು ಅರ್ಧಕ್ಕೆ ಬಿಟ್ಟು ಬಂದ ತರುಣರಿಗೆ ಸಂಜೆಯ ಪಾಳಿಯಿಂದ ಬಿಡುವು ಕೊಟ್ಟು ರಾತ್ರಿಶಾಲೆಗೆ ಕಳುಹಿಸಿರಿ. ಆ ಪ್ರಮಾಣಪತ್ರವು ಅವರನ್ನು ನಿಮ್ಮ ಹೊಟೇಲಿನಿಂದ ಹೊರದೇಶಕ್ಕೆ ಕರೆದೊಯ್ದೀತು, ನಿಜ. ಹೋಗುವವರು ತಲೆಯೆತ್ತಿಕೊಂಡು ಹೋಗಲಿ.