ಗುರುತು ಹಾಕಿಟ್ಟವರು ಯಾರು?

ಮನುಷ್ಯನು ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮುಂದೆ ಹೇಗೆ ವರ್ತಿಸುತ್ತಾನೆ ಎಂಬುದು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪ್ರತ್ಯೇಕ ಅಧ್ಯಯನದ ವಿಷಯವಾಗಿದೆ. ಪಂಡಿತರ ಈ ಚರ್ಚೆ ನಮಗೇಕೆಂದು ಗಡಿನಾಡಿನ ಕನ್ನಡಿಗರು ಸುಮ್ಮನಿರುವಂತಿಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಮಕ್ಕಳ ಪ್ಲಸ್ ವನ್ ಪ್ರವೇಶದ ಅರ್ಜಿಯವರೆಗೆ ಹೆಚ್ಚಿನ ವ್ಯವಹಾರಗಳು ಪರದೆಯ ಮೇಲೆಯೇ ನಡೆಯುವ ಕಾಲವಿದು.

ಈ ಸಂಶೋಧನೆಗಳು ತೋರಿಸಿಕೊಟ್ಟ ಮುಖ್ಯ ಸಂಗತಿಯೊಂದಿದೆ. ಬೇರೆಯವರು ಮೊದಲೇ ಗುರುತು ಹಾಕಿಟ್ಟ ಆಯ್ಕೆಯನ್ನು ಬದಲಿಸುವ ಗೋಜಿಗೆ ಹಲವರು ಹೋಗುವುದೇ ಇಲ್ಲ. ಅಮೆರಿಕದ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ 2003ರಲ್ಲಿ 'ಸಯನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ಸಾಕ್ಷಿ. ಅಂಗದಾನಕ್ಕೆ ಸಮ್ಮತಿಯುಂಟೇ ಎಂದು ಅವರು ಅಂತರ್ಜಾಲದ ಮೂಲಕ 161 ಮಂದಿಯನ್ನು ವಿಚಾರಿಸಿದರು. ದಾನಿಯಾಗಲು ತಾನಾಗಿ ಮುಂದೆ ಬಂದು ಹೆಸರು ಸೇರಿಸಬೇಕೆಂದಾಗ ಒಪ್ಪಿದವರು ನೂರಕ್ಕೆ 42. ಹೆಸರು ಮೊದಲೇ ಸೇರಿದೆ, ಬೇಡವಾದರೆ ತೆಗೆಯಬಹುದು ಎಂದಾಗ 82. ಯಾವ ಗುರುತನ್ನೂ ಹಾಕದೆ ಕೇಳಿದಾಗ 79. ಅಂದರೆ ಜನರ ಮನಸ್ಸಿನಲ್ಲಿದ್ದುದು ಸಮ್ಮತಿಯೇ. ಅದನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿದ್ದು ಪ್ರಶ್ನೆ ಕೇಳಿದ ರೀತಿ.

ವ್ಯಾಪಾರಿಗಳು ಮನುಷ್ಯನ ಈ ಸ್ವಭಾವವನ್ನು ಚೆನ್ನಾಗಿ ಬಲ್ಲರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 11,000 ಮಾರಾಟ ಜಾಲತಾಣಗಳನ್ನು ಪರಿಶೀಲಿಸಿದಾಗ, ಗ್ರಾಹಕರ ದಾರಿ ತಪ್ಪಿಸುವ ತಂತ್ರಗಳು 1,818 ಕಡೆ ಸಿಕ್ಕಿದವು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ಇಂತಹ 13 ಬಗೆಯ ತಂತ್ರಗಳನ್ನು ತಡೆದಿದೆ. ಕೇಳದ ವಸ್ತುವನ್ನು ಲೆಕ್ಕಕ್ಕೆ ಸೇರಿಸುವುದು, ಚಂದಾ ನಿಲ್ಲಿಸುವ ದಾರಿ ಕಾಣದಂತೆ ಮಾಡುವುದು ಇವುಗಳಲ್ಲಿ ಸೇರಿವೆ.

ವಂಚನೆಯ ಉದ್ದೇಶವಿಲ್ಲದ ಕಡೆಯೂ ಇದೇ ಪರಿಣಾಮ ಉಂಟಾಗಬಹುದೆಂಬುದು ನಮ್ಮ ಆತಂಕ. ಅರ್ಜಿಯ ಪುಟ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ತೆರೆದುಕೊಂಡು, ಕನ್ನಡ ಯಾವುದೋ ಮೂಲೆಯಲ್ಲಿ ಅಡಗಿದ್ದರೆ ಅದನ್ನು ಹುಡುಕಿ ಒತ್ತುವವರೆಷ್ಟು ಮಂದಿ? ಅರ್ಥವಾಗದಿದ್ದರೂ ಎದುರಿಗೆ ಬಂದ ಚೌಕವನ್ನು ಒತ್ತಿ ಮುಂದೆ ಸಾಗುವವರೇ ಹೆಚ್ಚು. ಕೊನೆಗೆ ಲೆಕ್ಕ ತೆಗೆದವರು "ಕನ್ನಡವನ್ನು ಕೇಳುವವರಿಲ್ಲ" ಎಂದು ವರದಿ ಬರೆದರೆ, ಇಲ್ಲದ ಬೇಡಿಕೆಗೆ ಖರ್ಚು ಮಾಡುವುದೇಕೆಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ಬಳಸಿದವರ ಸಂಖ್ಯೆ ಬೇಕೆನ್ನುವವರ ಸಂಖ್ಯೆಯಲ್ಲ ಎಂಬುದನ್ನು ಮೇಲಿನ ಪ್ರಯೋಗವೇ ಸಾರುತ್ತದೆ.

ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ. ಕಾಗದದಲ್ಲಿದ್ದ ಹಕ್ಕು ಪರದೆಯ ಮೇಲೆ ಕಳೆದುಹೋಗಬಾರದು. ಮೊದಲ ಪುಟದಲ್ಲೇ ಮಲಯಾಳ, ಕನ್ನಡ, ಇಂಗ್ಲಿಷ್ ಮೂರನ್ನೂ ಆಯಾ ಲಿಪಿಯಲ್ಲಿ ಸಮಸಮವಾಗಿ ಇಟ್ಟು, ಯಾವುದಕ್ಕೂ ಮುಂಚಿತವಾಗಿ ಗುರುತು ಹಾಕದೆ, "ನಿಮ್ಮ ಭಾಷೆ ಯಾವುದು?" ಎಂದು ಕೇಳುವ ವ್ಯವಸ್ಥೆಯಾಗಬೇಕು. ಇದರಿಂದ ಮಲಯಾಳಕ್ಕೆ ಕಿಂಚಿತ್ತೂ ಕುಂದಿಲ್ಲ. ಜಿಲ್ಲೆಯ ಜನಪ್ರತಿನಿಧಿಗಳೂ ಅಧಿಕಾರಿಗಳೂ ಇತ್ತ ಗಮನ ಹರಿಸಬೇಕು.

ಹಾಗೆಂದು ಎಲ್ಲ ಹೊಣೆಯನ್ನೂ ಸರಕಾರದ ತಲೆಗೆ ಕಟ್ಟಿ ಕುಳಿತುಕೊಳ್ಳುವುದೂ ಸರಿಯಲ್ಲ. ಕನ್ನಡ ಲಭ್ಯವಿರುವಲ್ಲಿ ನಾವು ಅದನ್ನೇ ಆರಿಸಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಪ್ರತಿಯೊಂದು ಗುರುತಿನ ಅರ್ಥವನ್ನೂ ಕೇಳಿ ತಿಳಿಯಬೇಕು. ಹೈಸ್ಕೂಲಿನ ಮಕ್ಕಳು ಮನೆಯ ಹಿರಿಯರ ಮೊಬೈಲಿನಲ್ಲಿ ಕನ್ನಡವನ್ನು ಅಳವಡಿಸಿಕೊಟ್ಟರೆ ಅದೂ ಒಂದು ನಾಡಸೇವೆಯೇ. ಕೇಳದೆ ಉಳಿದವರನ್ನು ಯಾವ ಲೆಕ್ಕವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.