ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ



ಕನ್ನಡ ಶಾಲೆಯಲ್ಲಿ ಕಲಿತು ಕೊಲ್ಹಾಪುರದಲ್ಲಿ ಪದವಿ ಮುಗಿಸಿದ ಮಗಳು, ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಪ್ರಮಾಣಪತ್ರದ ಕೋರ್ಸು ಮಾಡುತ್ತೇನೆಂದರೆ "ಕನ್ನಡ ಶಾಲೆಯವರಿಗೆ ಅದು ಆಗುವುದಲ್ಲ" ಎನ್ನಬೇಡಿ. ಮನೆಯಲ್ಲಿ ಕನ್ನಡ, ಇಚಲಕರಂಜಿಯ ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿತವಳಿಗೆ ಪರಭಾಷೆ ಕಲಿಯುವವರ ಕಷ್ಟ ಗೊತ್ತು. ಶಿಕ್ಷಕಿಗೆ ಅದೇ ಬಂಡವಾಳ.

ಆದರೆ ಕೋರ್ಸನ್ನು ಪರೀಕ್ಷಿಸಿ ಆರಿಸಿ. 'ಟೆಫಲ್' ಒಂದು ಸಂಸ್ಥೆಯ ಹೆಸರಲ್ಲ. ಆ ಹೆಸರಿನ ಪ್ರಮಾಣಪತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 120 ಗಂಟೆ ಎಂಬ ಅಂಕಿಗೂ ಮರುಳಾಗಬೇಡಿ. ಕೇಂಬ್ರಿಜ್‌ನ 'ಸೆಲ್ಟಾ'ದಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ, ತರಬೇತುದಾರರ ಕಣ್ಣೆದುರು, 6 ಗಂಟೆ ಪಾಠ ಮಾಡಲೇಬೇಕು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕೋರ್ಸಿನಲ್ಲೂ ಹಾಗೆಯೇ. ಬರೀ ಉತ್ತರಕ್ಕೆ ಗುರುತು ಹಾಕಿ ಪಡೆದ ಕಾಗದಕ್ಕೆ ಆ ತೂಕವಿಲ್ಲ. ಗಡಹಿಂಗ್ಲಜದಿಂದಲೇ ಫೋನ್ ಮಾಡಿ ಕೇಳಿ: "ಪಾಠ ಮಾಡಲು ವರ್ಗ ಕೊಡುತ್ತೀರಾ? ನೋಡಿ ತಿದ್ದುವವರು ಯಾರು?" ಉತ್ತರ ತೊದಲಿದರೆ ಹಣ ಕಟ್ಟಬೇಡಿ.

ನೌಕರಿ ಖಚಿತವೆಂಬ ಮಾತನ್ನೂ ನಂಬಬೇಡಿ. ಕೆಲವು ದೇಶಗಳು ಪ್ರಮಾಣಪತ್ರಕ್ಕಿಂತ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡುತ್ತವೆ. ವೀಸಾ ನಿಯಮವನ್ನು ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿಯಿರಿ.

ಇದು ಬಿ.ಎಡ್.ಗೆ ಬದಲಿಯೂ ಅಲ್ಲ. ಮುಂದೆ ನಮ್ಮ ಶಾಲೆಗಳಲ್ಲೇ ಇಂಗ್ಲಿಷ್ ಕಲಿಸುವ ಆಸೆ ಅವಳಿಗಿದ್ದರೆ (ಇರಲಿ ಎಂಬುದು ನಮ್ಮ ಸ್ವಾರ್ಥ!) ಬಿ.ಎಡ್. ಮೊದಲು ಮುಗಿಯಲಿ.