ಬುದ್ಧಿವಾದ ಸಾಕು, ಕೇಳುವ ಕಿವಿ ಬೇಕು



ಹೊಡೆತ ತಿಂದ ಹೆಣ್ಣೊಬ್ಬಳು ಧೈರ್ಯ ಮಾಡಿ ಸಲಹಾ ಕೇಂದ್ರದ ಮೆಟ್ಟಿಲು ಹತ್ತುತ್ತಾಳೆ. ಮೇಜಿನ ಆಚೆ ಕುಳಿತವರು ಮೊದಲು ಏನು ಕೇಳುತ್ತಾರೆ? "ಅವನಿಗೆ ಸಿಟ್ಟು ಬರುವಂಥದ್ದು ನೀನೇನು ಮಾಡಿದೆ?" ಆಮೇಲೆ ಬುದ್ಧಿವಾದ ಶುರು. "ಮಕ್ಕಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗಮ್ಮ." ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆಯನ್ನೇ ಕಾನೂನು ಪುಸ್ತಕ ಎಂದುಕೊಂಡವರು ಇವರು. ಇನ್ನು ಕೆಲವರದ್ದು ಇದಕ್ಕೆ ತದ್ವಿರುದ್ಧ. "ಇಷ್ಟೆಲ್ಲ ಆದ ಮೇಲೂ ಅಲ್ಲೇ ಯಾಕಿದ್ದೀಯ? ಬಿಟ್ಟು ಬಾ." ಕೇಳಲು ಬೇರೆ ಬೇರೆ ಅನ್ನಿಸಿದರೂ ಎರಡೂ ಒಂದೇ. ಎರಡರಲ್ಲೂ ಮಾತಾಡುವವರು ಅವರು, ತಲೆ ತಗ್ಗಿಸಿ ಕೂರುವವಳು ಇವಳು.

ಈ ಬುದ್ಧಿವಾದದ ಚಟಕ್ಕೆ ಮದ್ದು ಇಲ್ಲದಿಲ್ಲ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ, ಕುಡಿತಕ್ಕೆ ಬಿದ್ದವರ ಜೊತೆ ಹೇಗೆ ಮಾತಾಡಬೇಕು ಎಂದು ಒಂದು ಲೇಖನ ಬರೆದರು. 1991ರಲ್ಲಿ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಪುಸ್ತಕವನ್ನೇ ತಂದರು. ಇದಕ್ಕೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂದು ಹೆಸರು. ತಿರುಳು ಸರಳ. ಬದಲಾಗು ಎಂದು ನೀವು ಒತ್ತಿದಷ್ಟೂ ಎದುರಿಗಿದ್ದವರು ಬದಲಾಗದಿರಲು ಕಾರಣ ಹುಡುಕುತ್ತಾರೆ. ಅದಕ್ಕೇ ಹೌದು-ಅಲ್ಲಗಳಲ್ಲಿ ಮುಗಿಯದ ಪ್ರಶ್ನೆ ಕೇಳಿ. ಅವರಲ್ಲಿರುವ ಶಕ್ತಿಯನ್ನು ಗುರುತಿಸಿ ಹೇಳಿ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ನೋಡಿ. ಸಲಹೆ ಕೊಡುವ ಮೊದಲು "ಹೇಳಲೇ?" ಎಂದು ಅಪ್ಪಣೆ ಕೇಳಿ. ಬದಲಾವಣೆಯ ಮಾತು ಅವರ ಬಾಯಿಂದಲೇ ಬರಲಿ.

ಇದರಲ್ಲಿ ಆಪ್ತಸಲಹೆಗಾರರಿಗೆ ತರಬೇತಿ ಸಿಗುತ್ತದೆ, ಮುಂದುವರಿದ ತರಬೇತಿಯೂ ಇದೆ. ಆದರೆ ಎರಡು ದಿನ ಕೂತು, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡರೆ ಕಿವಿ ತೆರೆಯುತ್ತದೆಯೇ? ಮಿಲ್ಲರ್ ತಂಡವೇ ಇದನ್ನು ಪರೀಕ್ಷೆ ಮಾಡಿತು. ಚಟಬಿಡಿಸುವ ಕೆಲಸದಲ್ಲಿದ್ದ 140 ಮಂದಿಯ ಮೇಲೆ ನಡೆದ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬರೀ ಕಾರ್ಯಾಗಾರಕ್ಕೆ ಬಂದು ಹೋದವರಿಗಿಂತ, ತಮ್ಮ ಮಾತುಕತೆಯ ಧ್ವನಿಮುದ್ರಣವನ್ನು ಇನ್ನೊಬ್ಬರಿಂದ ತಿದ್ದಿಸಿಕೊಂಡವರಲ್ಲಿ, ಆಮೇಲೂ ಮಾರ್ಗದರ್ಶನ ಪಡೆದವರಲ್ಲಿ ಕಲಿತದ್ದು ಉಳಿಯಿತು. ಹಾಗಾದರೆ ನಮ್ಮ ಕೇಂದ್ರಗಳಲ್ಲಿ ಕೂತವರ ಮಾತನ್ನು ಯಾರು ಕೇಳಿ ತಿದ್ದುತ್ತಿದ್ದಾರೆ? ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಇದು ದೊಡ್ಡ ಓದು ಓದಿದವರ ಸ್ವತ್ತೂ ಅಲ್ಲ. ಪಕ್ಕದ ಗೋವಾದಲ್ಲಿ ಇದೇ ದಾರಿಯ ಆಪ್ತಸಲಹೆಯನ್ನು ಸಾಮಾನ್ಯ ಜನರಿಗೇ ಕಲಿಸಿದರು. ಅವರು ಒಬ್ಬರ ಧ್ವನಿಮುದ್ರಣವನ್ನು ಇನ್ನೊಬ್ಬರು ಕೇಳಿ ತಿದ್ದಿಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಅಪಾಯಕಾರಿಯಾಗಿ ಕುಡಿಯುವ 377 ಗಂಡಸರ ಅಧ್ಯಯನ ಅದು, 2017ರಲ್ಲಿ ಪ್ರಕಟವಾಯಿತು. ಈ ಸಲಹೆ ಪಡೆದವರಲ್ಲಿ ಹೆಚ್ಚು ಮಂದಿ ಕುಡಿತದಿಂದ ಹೊರಬಂದರು. ಸಂತೋಷ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ನಾವು ಗಟ್ಟಿಯಾಗಿ ಓದಬೇಕು: ಹೆಂಡತಿಯ ಮೇಲಿನ ಹಿಂಸೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೇಳಿದಿರಾ? "ಕುಡಿದಾಗ ಮಾತ್ರ ಹೊಡೀತಾನೆ, ಕುಡಿತ ಬಿಟ್ಟರೆ ಬಂಗಾರದಂಥವನು" ಎಂದು ನಮ್ಮನ್ನು ಎಷ್ಟು ವರ್ಷ ಸಮಾಧಾನ ಮಾಡಿದ್ದಾರೆ! ಕುಡಿದವನು ಮೇಲಧಿಕಾರಿಯನ್ನು ಯಾಕೆ ಹೊಡೆಯುವುದಿಲ್ಲ? ವರದಕ್ಷಿಣೆಯ ಬಾಕಿ ಕೇಳಲು ಅತ್ತೆಯೂ ಕುಡಿದಿರಬೇಕೇ? ಕುಡಿತ ಒಂದು ಲೆಕ್ಕ, ಹೊಡೆತ ಇನ್ನೊಂದು ಲೆಕ್ಕ. ಒಂದನ್ನು ತೀರಿಸಿ ಎರಡೂ ಚುಕ್ತಾ ಎನ್ನಲು ಬಿಡಬಾರದು.

ಆದ್ದರಿಂದ ಈ ವಿದ್ಯೆಗೆ ಒಂದು ಗೆರೆ ಎಳೆಯಲೇಬೇಕು. ಕುಡಿತ ಬಿಡಲು ಅವನ ಮನಸ್ಸು ಹದವಾಗುವವರೆಗೆ ಸಲಹೆಗಾರರು ಕಾಯಲಿ. ಹೊಡೆತ ನಿಲ್ಲಲು ಅವನ ಮನಸ್ಸು ಹದವಾಗುವವರೆಗೆ ಹೆಣ್ಣು ಕಾಯುವುದಿಲ್ಲ! ಕಾನೂನೂ ಇದನ್ನೇ ಹೇಳುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆಪ್ತಸಲಹೆಗೆ ಆದೇಶಿಸಬಹುದು. 2006ರ ನಿಯಮಗಳ ಪ್ರಕಾರ, ಹಿಂಸೆ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದೇ ಆ ಸಲಹೆಯ ಗುರಿ. "ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ" ಎಂಬ ಸಮರ್ಥನೆಗೆ ಅಲ್ಲಿ ಜಾಗವೇ ಇಲ್ಲ. ಹಾಗೆಂದು ಅವನಿಗೆ ಮೊದಲೇ ತಿಳಿಸಬೇಕು.

ಮಿಲ್ಲರ್ ಲೇಖನ ಬರೆದ 1983ರಲ್ಲೇ ನಮ್ಮ ದಂಡಸಂಹಿತೆಗೆ 498ಎ ಸೇರಿತು. ಈಗ, ಜುಲೈ 2024ರಿಂದ, ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಮಾತಿನ ವಿದ್ಯೆಯೂ ಬೇಕು, ಕಾನೂನೂ ಬೇಕು. ಒಂದು ಇನ್ನೊಂದರ ಕುರ್ಚಿಯಲ್ಲಿ ಕೂರಬಾರದು.

ನಾವು ಕೇಳೋಣ: ನಮ್ಮ ಹೆಣ್ಣುಮಕ್ಕಳ ಜೊತೆ ಮಾತಾಡುವವರಿಗೆ ಸರಿಯಾದ ತರಬೇತಿ ಕೊಡಿ, ಆಮೇಲೂ ಅವರ ಮಾತನ್ನು ತಿದ್ದುತ್ತಿರಿ. ಅವಳು ಒಪ್ಪದೆ ಗಂಡನ ಪಕ್ಕ ಕೂರಿಸಬೇಡಿ. ರಾಜಿಗಳ ಲೆಕ್ಕ ತೋರಿಸಿ ಬೀಗಬೇಡಿ.

ನಮ್ಮ ಸಂಘದಿಂದಲೇ ಶುರು ಮಾಡೋಣ. ಮುಂದಿನ ವಾರ ಉಳಿತಾಯದ ಪುಸ್ತಕ ತೆರೆಯುವ ಮೊದಲು, ಮೂಲೆಯಲ್ಲಿ ಸುಮ್ಮನೆ ಕೂರುವ ಅಕ್ಕನ ಪಕ್ಕ ಒಬ್ಬರು ಕೂತುಕೊಳ್ಳಿ. "ಯಾಕೆ ಸಹಿಸಿಕೊಂಡೆ" ಎನ್ನಬೇಡಿ. "ನಿನಗೇನು ಬೇಕು, ಹೇಳು" ಎನ್ನಿ. ಅವಳ ಮಾತು ಮುಗಿಯುವ ತನಕ ಬಾಯಿ ಹಾಕಬೇಡಿ. ಅವಳು ಬಯಸಿದರೆ 181ಕ್ಕೆ ಕರೆ ಮಾಡಲು, ಸಂರಕ್ಷಣಾಧಿಕಾರಿಯ ಬಳಿ ಹೋಗಲು ಜೊತೆಗೆ ನಡೆಯಿರಿ. ನಿರ್ಧಾರ ಅವಳದು. ಅವಳು ಒಂಟಿಯಲ್ಲ ಎಂದು ತೋರಿಸುವ ಕೆಲಸ ಮಾತ್ರ ನಮ್ಮದು.